ಕೋಳಿಮರಿಯ ಉಸಿರು: ವಯಸ್ಸು, ಲಿಂಗ ಮತ್ತು ಇಂಗಾಲದ ಡೈಆಕ್ಸೈಡ್

ಪ್ರಥಮ ಪಿಯುಸಿ ಜೀವಶಾಸ್ತ್ರದಲ್ಲಿ ಉಸಿರಾಟದ ಅಧ್ಯಾಯ ಓದುವಾಗ ಹೆಚ್ಚಿನವರು ಟೈಡಲ್ ಗಾತ್ರ, ಶ್ವಾಸಕೋಶದ ಒಟ್ಟು ಸಾಮರ್ಥ್ಯ, ಆಮ್ಲಜನಕದ ವಕ್ರರೇಖೆ ಇಷ್ಟನ್ನು ಬಾಯಿಪಾಠ ಮಾಡಿ ಮುಂದೆ ಹೋಗುತ್ತೀರಿ. ಕೊನೆಯಲ್ಲಿ 'ಉಸಿರಾಟದ ನಿಯಂತ್ರಣ' ಎಂದು ಒಂದು ಸಣ್ಣ ಭಾಗವಿದೆ. ಉಸಿರಿನ ಲಯವನ್ನು ಬದಲಿಸುವುದರಲ್ಲಿ ಆಮ್ಲಜನಕದ ಪಾತ್ರ ಅತ್ಯಲ್ಪ, ಇಂಗಾಲದ ಡೈಆಕ್ಸೈಡ್ ಮತ್ತು ಹೈಡ್ರೋಜನ್ ಅಯಾನುಗಳ ಪಾತ್ರವೇ ದೊಡ್ಡದು ಎಂದು ಅಲ್ಲಿ ಬರೆದಿದೆ. ಒಂದು ಅಂಕದ ಪ್ರಶ್ನೆಗೆ ಅಷ್ಟು ಸಾಕು. ಆದರೆ ಆ ಎರಡು ಸಾಲಿನ ಹಿಂದೆ ಎಷ್ಟು ವಿಷಯವಿದೆ ಎಂಬುದನ್ನು ಈ ಸಂಚಿಕೆಯಲ್ಲಿ ಕೋಳಿಮರಿಯನ್ನು ಇಟ್ಟುಕೊಂಡು ಹೇಳಬೇಕೆಂದಿದ್ದೇನೆ.

ಮೊದಲು ಮನುಷ್ಯನ ಮಾತು. ಉಸಿರು ಬಿಗಿಹಿಡಿದು ನೋಡಿ. ಅರ್ಧ ನಿಮಿಷ ಕಳೆಯುವಷ್ಟರಲ್ಲಿ ಎದೆಯೊಳಗೆ ಒತ್ತಾಯ ಶುರುವಾಗುತ್ತದೆ. ಆಮ್ಲಜನಕ ಮುಗಿದುಹೋಯಿತು ಎಂದು ನಮಗೆ ಅನಿಸುತ್ತದೆ. ನಿಜದಲ್ಲಿ ಆಗ ರಕ್ತದಲ್ಲಿ ಆಮ್ಲಜನಕ ಸಾಕಷ್ಟು ಇರುತ್ತದೆ. ಏರಿರುವುದು ಇಂಗಾಲದ ಡೈಆಕ್ಸೈಡ್. ಅದು ನೀರಿನ ಜೊತೆ ಸೇರಿ ಕಾರ್ಬಾನಿಕ್ ಆಮ್ಲವಾಗುತ್ತದೆ, ಆಮ್ಲ ಒಡೆದು ಹೈಡ್ರೋಜನ್ ಅಯಾನು ಬಿಡುತ್ತದೆ, ಮಿದುಳಿನ ರಾಸಾಯನಿಕ ಗ್ರಾಹಕಗಳು ಅದನ್ನು ಗುರುತಿಸಿ 'ಉಸಿರಾಡು' ಎಂದು ಆಜ್ಞೆ ಕೊಡುತ್ತವೆ. ಇದನ್ನು ಮನುಷ್ಯರ ಮೇಲೆಯೇ ಪ್ರಯೋಗ ಮಾಡಿ ತೋರಿಸಿದವರು ಹಾಲ್ಡೇನ್ ಮತ್ತು ಪ್ರೀಸ್ಟ್ಲಿ, 1905ರಲ್ಲಿ. ಹಾಲ್ಡೇನ್ ಅವರ ಹೆಸರನ್ನು ನೆನಪಿಡಿ, ಮುಂದೆ ಅವರು ಒಂದು ಹಕ್ಕಿಯ ಜೊತೆ ಮತ್ತೆ ಬರುತ್ತಾರೆ.

ಇನ್ನು ಹಕ್ಕಿಯ ಶ್ವಾಸಕೋಶ. ನಮ್ಮದು ಬಲೂನಿನ ಹಾಗೆ ಹಿಗ್ಗಿ ಕುಗ್ಗುತ್ತದೆ. ಹಕ್ಕಿಯದು ಹಾಗಲ್ಲ. ಅದು ಬೆನ್ನಿನ ಪಕ್ಕೆಲುಬುಗಳಿಗೆ ಅಂಟಿಕೊಂಡ, ಗಾತ್ರ ಹೆಚ್ಚುಕಡಿಮೆ ಬದಲಾಗದ ಬಿಗಿಯಾದ ಅಂಗ. ನಮ್ಮಲ್ಲಿರುವಂತಹ ವಪೆ ಅದಕ್ಕಿಲ್ಲ. ಗಾಳಿಯನ್ನು ತಳ್ಳುವ ಕೆಲಸ ಗಾಳಿಚೀಲಗಳದು. ಸಾಮಾನ್ಯವಾಗಿ ಒಂಬತ್ತು ಇರುತ್ತವೆ. ಎದೆಮೂಳೆ ಕೆಳಗಿಳಿದಾಗ ಚೀಲಗಳು ತುಂಬುತ್ತವೆ, ಮೇಲೇರಿದಾಗ ಖಾಲಿಯಾಗುತ್ತವೆ. ಮಧ್ಯದಲ್ಲಿರುವ ಶ್ವಾಸಕೋಶದ ಸಣ್ಣ ಕೊಳವೆಗಳ ಮೂಲಕ ಗಾಳಿ ಒಂದೇ ದಿಕ್ಕಿನಲ್ಲಿ ಹರಿಯುತ್ತದೆ. ಒಳಗೆ ಹೋದ ಒಂದು ಗುಟುಕು ಗಾಳಿ ಹೊರಬರಲು ಎರಡು ಉಸಿರು ಬೇಕು. ಕೋಳಿಯನ್ನು ಕೈಯಲ್ಲಿ ಹಿಡಿಯುವಾಗ ಎದೆಯನ್ನು ಗಟ್ಟಿಯಾಗಿ ಅದುಮಬಾರದು ಎಂದು ಹಿರಿಯರು ಹೇಳುವುದಕ್ಕೆ ಕಾರಣ ಇಲ್ಲೇ ಇದೆ: ಎದೆಮೂಳೆ ಅಲುಗದಿದ್ದರೆ ಗಾಳಿ ಅಲುಗುವುದಿಲ್ಲ, ಮರಿ ಉಸಿರುಕಟ್ಟಿ ಸಾಯುತ್ತದೆ.

ಇಂಗಾಲದ ಡೈಆಕ್ಸೈಡನ್ನು ಅಳೆಯಲು ಹಕ್ಕಿಗೆ ಮೂರು ಕಡೆ ಗ್ರಾಹಕಗಳಿವೆ. ಮಿದುಳಿನಲ್ಲಿ ಒಂದು, ನಮ್ಮಂತೆಯೇ. ಕ್ಯಾರೋಟಿಡ್ ಕಾಯಗಳಲ್ಲಿ ಇನ್ನೊಂದು. ನಮ್ಮಲ್ಲಿ ಅವು ಕುತ್ತಿಗೆಯ ಮೇಲ್ಭಾಗದಲ್ಲಿದ್ದರೆ ಹಕ್ಕಿಯಲ್ಲಿ ಎದೆಯ ಬಾಗಿಲಲ್ಲಿ, ಥೈರಾಯ್ಡ್ ಬಳಿ ಇವೆ. ಮೂರನೆಯದು ಹಕ್ಕಿಯಲ್ಲಿ ವಿಶೇಷವಾದದ್ದು: ಶ್ವಾಸಕೋಶದ ಒಳಗೇ ಕುಳಿತು, ವೇಗಸ್ ನರದ ಮೂಲಕ ಸುದ್ದಿ ಕಳುಹಿಸುವ ಗ್ರಾಹಕಗಳು. ಕೋಳಿಯಲ್ಲಿ ಇವನ್ನು ವಿವರಿಸಿದ ಪೀಟರ್ಸನ್ ಮತ್ತು ಫೆಡ್ಡೆ ಅವರ ಲೇಖನ 1968ರಲ್ಲಿ 'ಸೈನ್ಸ್' ಪತ್ರಿಕೆಯಲ್ಲಿ ಬಂತು. ಇವುಗಳ ನಡವಳಿಕೆ ತಲೆಕೆಳಗು. ಇಂಗಾಲದ ಡೈಆಕ್ಸೈಡ್ ಕಡಿಮೆಯಾದರೆ ಇವು ಜೋರಾಗಿ ಮಿಡಿಯುತ್ತವೆ, ಹೆಚ್ಚಾದರೆ ಸುಮ್ಮನಾಗುತ್ತವೆ. ಅವುಗಳ ಮಿಡಿತ 'ಸಾಕು, ಒಳಗೆಳೆಯುವುದನ್ನು ನಿಲ್ಲಿಸು' ಎಂಬ ಸಂಕೇತ. ಹಾಗಾಗಿ ಇಂಗಾಲದ ಡೈಆಕ್ಸೈಡ್ ಬೆರೆತ ಗಾಳಿ ಒಳಹೋದಾಗ ಸಂಕೇತ ದುರ್ಬಲವಾಗಿ ಉಸಿರು ಆಳವಾಗುತ್ತದೆ. ನಿಮಿಷಕ್ಕೆ ಎಷ್ಟು ಉಸಿರು ಎಂಬ ಲೆಕ್ಕ ಅಷ್ಟಾಗಿ ಏರುವುದಿಲ್ಲ, ಕೆಲವೊಮ್ಮೆ ಇಳಿಯುವುದೂ ಉಂಟು. ಮರಿ ವೇಗವಾಗಿ ಏದುಸಿರು ಬಿಡುತ್ತಿದ್ದರೆ ಮೊದಲು ಸೆಖೆಯನ್ನು ಸಂಶಯಿಸಿ ಎಂದು ನಾನು ಹೇಳುವುದು ಇದಕ್ಕೇ. ಹಕ್ಕಿಗೆ ಬೆವರು ಗ್ರಂಥಿಗಳಿಲ್ಲ, ಏದುಸಿರೇ ಅದರ ಬೆವರು.

ಈಗ ವಯಸ್ಸಿನ ಪ್ರಶ್ನೆಗೆ ಬರೋಣ. ಇದರಲ್ಲಿ ಮೊಟ್ಟೆಯಷ್ಟು ಸೊಗಸಾದ ಪಾಠ ಬೇರೆ ಇಲ್ಲ.

ಕೋಳಿಮೊಟ್ಟೆಯ ಚಿಪ್ಪಿನಲ್ಲಿ ಸುಮಾರು ಹತ್ತು ಸಾವಿರ ರಂಧ್ರಗಳಿವೆ. ಕಾವಿನ 21 ದಿನಗಳಲ್ಲಿ ಒಂದು ಸಾಧಾರಣ ಮೊಟ್ಟೆ ಅವುಗಳ ಮೂಲಕ ಸುಮಾರು 6 ಲೀಟರ್ ಆಮ್ಲಜನಕ ಒಳಗೆ ತೆಗೆದುಕೊಂಡು 4.5 ಲೀಟರ್ ಇಂಗಾಲದ ಡೈಆಕ್ಸೈಡ್ ಹೊರಬಿಡುತ್ತದೆ. ಭಾಗಿಸಿ ನೋಡಿ: 4.5ನ್ನು 6ರಿಂದ ಭಾಗಿಸಿದರೆ 0.75. ಕೊಬ್ಬಿನ ಉಸಿರಾಟದ ಭಾಗಲಬ್ಧ 0.7ರ ಹತ್ತಿರ ಎಂದು ನೀವು ಓದಿದ್ದೀರಿ. ಅಂದರೆ ಭ್ರೂಣ ಮುಖ್ಯವಾಗಿ ಉರಿಸುತ್ತಿರುವುದು ಹಳದಿಯ ಕೊಬ್ಬನ್ನು. ಪಠ್ಯಪುಸ್ತಕದ ಒಂದು ಒಣ ಸಂಖ್ಯೆ ಹೀಗೆ ಮೊಟ್ಟೆಯೊಳಗೆ ಸಿಕ್ಕಾಗ ನನಗಂತೂ ಪ್ರತಿ ವರ್ಷ ಖುಷಿಯಾಗುತ್ತದೆ.

ಈ ಕಾಲವೆಲ್ಲ ಭ್ರೂಣ ಶ್ವಾಸಕೋಶವನ್ನು ಬಳಸುವುದಿಲ್ಲ. ಚಿಪ್ಪಿನ ಒಳಮೈಗೆ ಹರಡಿಕೊಂಡ ರಕ್ತನಾಳಗಳ ಪೊರೆಯೇ ಅದರ ಉಸಿರಾಟದ ಅಂಗ. ರಂಧ್ರಗಳ ಸಂಖ್ಯೆ ಹೆಚ್ಚುವುದಿಲ್ಲ, ಭ್ರೂಣ ಮಾತ್ರ ದಿನದಿನಕ್ಕೆ ದೊಡ್ಡದಾಗುತ್ತದೆ. ಪರಿಣಾಮವಾಗಿ ಮೊಟ್ಟೆಯ ದಪ್ಪ ತುದಿಯ ಗಾಳಿಕೋಣೆಯಲ್ಲಿ ಆಮ್ಲಜನಕ ಶೇಕಡಾ 14ರ ಹತ್ತಿರಕ್ಕೆ ಇಳಿಯುತ್ತದೆ, ಇಂಗಾಲದ ಡೈಆಕ್ಸೈಡ್ ಶೇಕಡಾ 5ರಿಂದ 6ಕ್ಕೆ ಏರುತ್ತದೆ. ಹೊರಗಿನ ಗಾಳಿಯಲ್ಲಿ ಅದು ಬರೀ ಶೇಕಡಾ 0.04. ಆದರೆ ನಮ್ಮ ಶ್ವಾಸಕೋಶದ ಗಾಳಿಗೂಡುಗಳಲ್ಲಿರುವ ಪ್ರಮಾಣ ಹೆಚ್ಚುಕಡಿಮೆ ಇದೇ! ಮೊಟ್ಟೆಯ ಉಸಿರಾಟದ ಬಗ್ಗೆ ಬಹಳ ಕೆಲಸ ಮಾಡಿದ ಹರ್ಮನ್ ರಾನ್ ಈ ಹೋಲಿಕೆಯನ್ನು ಎತ್ತಿ ತೋರಿಸಿದ್ದರು.

ಸುಮಾರು 19ನೇ ದಿನ ಮರಿ ಕೊಕ್ಕಿನಿಂದ ಒಳಪೊರೆಯನ್ನು ಚುಚ್ಚಿ ಗಾಳಿಕೋಣೆಗೆ ಮುಖ ಹಾಕುತ್ತದೆ. ಅದರ ಜೀವನದ ಮೊದಲ ಉಸಿರು ನಮ್ಮ ಉಸಿರಿನ ಹಾಗೆ ತಾಜಾ ಗಾಳಿಯದಲ್ಲ, ಶೇಕಡಾ 5ಕ್ಕೂ ಹೆಚ್ಚು ಇಂಗಾಲದ ಡೈಆಕ್ಸೈಡ್ ಇರುವ ಗಾಳಿಯದು. ಸುಮಾರು ಒಂದು ದಿನ ಪೊರೆ ಮತ್ತು ಶ್ವಾಸಕೋಶ ಎರಡೂ ಕೆಲಸ ಹಂಚಿಕೊಳ್ಳುತ್ತವೆ. ಆಮೇಲೆ ಚಿಪ್ಪು ಒಡೆಯುತ್ತದೆ, ಹೊರಗಾಳಿ ಬರುತ್ತದೆ, ರಕ್ತದ ಇಂಗಾಲದ ಡೈಆಕ್ಸೈಡ್ ಇಳಿಯುತ್ತದೆ, ಪೊರೆಯ ರಕ್ತನಾಳಗಳು ಬತ್ತುತ್ತವೆ. ದೊಡ್ಡ ಕೋಳಿಯ ಅಪಧಮನಿಯ ರಕ್ತದಲ್ಲಿ ಅದರ ಒತ್ತಡ ಸುಮಾರು 30 ಮಿಲಿಮೀಟರ್ ಪಾದರಸ, ನಮ್ಮಲ್ಲಿ 40. ಮೊಟ್ಟೆಯ ಕೊನೆಯ ದಿನಗಳಲ್ಲಿ ಗಾಳಿಕೋಣೆಯಲ್ಲೇ 40ರ ಆಸುಪಾಸು ಇತ್ತು. ಅಂದರೆ ಎರಡು ಮೂರು ದಿನಗಳ ಅಂತರದಲ್ಲಿ 'ಎಷ್ಟಿದ್ದರೆ ಸರಿ' ಎಂಬ ಅಳತೆಯೇ ಬದಲಾಗುತ್ತದೆ. 19ನೇ ದಿನದ ಭ್ರೂಣಕ್ಕೂ ಮೂರು ದಿನದ ಮರಿಗೂ ಒಂದೇ ಅನಿಲ ಕೊಟ್ಟು 'ಯಾವುದು ಹೆಚ್ಚು ಸ್ಪಂದಿಸಿತು' ಎಂದು ಕೇಳುವಾಗ ಇದು ನೆನಪಿರಬೇಕು. ಒಂದಕ್ಕೆ ಅದು ಮನೆಯ ಗಾಳಿ, ಇನ್ನೊಂದಕ್ಕೆ ಪರಕೀಯ.

ಹುಟ್ಟಿದ ಮೇಲೂ ಬದಲಾವಣೆ ನಿಲ್ಲುವುದಿಲ್ಲ. ಮೊದಲ ವಾರದ ಮರಿಗೆ ತನ್ನ ದೇಹದ ಬಿಸಿಯನ್ನು ಕಾಪಾಡಿಕೊಳ್ಳುವ ಶಕ್ತಿ ಪೂರ್ತಿ ಬಂದಿರುವುದಿಲ್ಲ. ಅದಕ್ಕೇ ಬ್ರೂಡರಿನಲ್ಲಿ ಮೊದಲ ವಾರ ಸುಮಾರು 35 ಡಿಗ್ರಿ ಸೆಲ್ಸಿಯಸ್ ಇಟ್ಟು, ವಾರಕ್ಕೆ ಸುಮಾರು 3 ಡಿಗ್ರಿಯಂತೆ ಇಳಿಸುತ್ತಾರೆ. ಸ್ವಂತ ಬಿಸಿ ಹುಟ್ಟಿಸಲು ಕಲಿತಂತೆ ಮರಿ ಹೆಚ್ಚು ಆಮ್ಲಜನಕ ಸುಡುತ್ತದೆ, ಹೆಚ್ಚು ಇಂಗಾಲದ ಡೈಆಕ್ಸೈಡ್ ಹೊರಬಿಡಬೇಕಾಗುತ್ತದೆ, ಏನೂ ಅನಿಲ ಕೊಡದಿದ್ದರೂ ಉಸಿರಾಟ ಏರುತ್ತದೆ.

ಇಷ್ಟನ್ನು ತರಗತಿಯಲ್ಲಿ ಹೇಳುತ್ತಿದ್ದಾಗ ಹಿಂದಿನ ಬೆಂಚಿನ ಒಬ್ಬ ವಿದ್ಯಾರ್ಥಿನಿ ಕೈ ಎತ್ತಿದಳು. ಅವಳ ಮನೆಯಲ್ಲಿ ನಾಟಿ ಕೋಳಿ ಸಾಕುತ್ತಾರೆ. ಜುಲೈ ತಿಂಗಳ ಜಡಿಮಳೆಯಲ್ಲಿ ಕರೆಂಟು ಹೋಗಿ ಬಲ್ಬು ಆರಿದಾಗ ಮರಿಗಳ ಪೆಟ್ಟಿಗೆಯನ್ನು ಒಳಕೋಣೆಗೆ ತಂದು, ಅಗ್ಗಿಷ್ಟಿಕೆಯಲ್ಲಿ ಇದ್ದಿಲು ಹಾಕಿ, ಕಿಟಕಿ ಮುಚ್ಚಿದ್ದಾರೆ. ಬೆಳಿಗ್ಗೆ ಫಜ್ರ್‌ಗೆ ಎದ್ದು ನೋಡಿದರೆ ಹದಿಮೂರು ಮರಿ ಸತ್ತಿದ್ದವು. ಅದೇ ಕೋಣೆಯಲ್ಲಿ ಮಲಗಿದ್ದ ಅವಳ ನಾನಿಗೆ ತಲೆ ಸಿಡಿತ, ವಾಂತಿ.

"ಮೇಡಂ, ಸತ್ತದ್ದರಲ್ಲಿ ಹುಂಜದ ಮರಿಗಳೇ ಜಾಸ್ತಿ ಅಂತ ನಾನಿ ಹೇಳ್ತಾರೆ. ಗಂಡು ಮರಿಗೆ ಉಸಿರಿನ ತಾಕತ್ತು ಕಡಿಮೆಯಾ?"

ತರಗತಿ ನಕ್ಕಿತು. ನನಗೆ ನಗು ಬರಲಿಲ್ಲ. ಮೊದಲು ಕೇಳಿದ್ದು ನಾನಿ ಈಗ ಹೇಗಿದ್ದಾರೆ ಎಂದು. ಚೆನ್ನಾಗಿದ್ದಾರೆ ಎಂದಳು. ಆಮೇಲೆ ಪಾಠ ಬಿಟ್ಟು ಇದನ್ನೇ ವಿವರಿಸಿದೆ.

ಮುಚ್ಚಿದ ಕೋಣೆಯಲ್ಲಿ ಇದ್ದಿಲು ಉರಿದಾಗ ಎರಡು ಅನಿಲ ಹುಟ್ಟುತ್ತವೆ. ಇಂಗಾಲದ ಡೈಆಕ್ಸೈಡ್ ಒಂದು. ಅದಕ್ಕೆ ನಮ್ಮ ದೇಹದಲ್ಲಿ ಕಾವಲುಗಾರರಿದ್ದಾರೆ, ಉಸಿರು ಏರುತ್ತದೆ, ಉಸಿರುಕಟ್ಟಿದಂತಾಗುತ್ತದೆ, ಎಚ್ಚರವಾಗಬಹುದು. ಇನ್ನೊಂದು ಇಂಗಾಲದ ಮಾನಾಕ್ಸೈಡ್. ಅದಕ್ಕೆ ಬಣ್ಣವಿಲ್ಲ, ವಾಸನೆಯಿಲ್ಲ, ಕಾವಲುಗಾರನೂ ಇಲ್ಲ. ಅದು ಹಿಮೋಗ್ಲೋಬಿನ್‌ಗೆ ಆಮ್ಲಜನಕಕ್ಕಿಂತ ಇನ್ನೂರು ಪಟ್ಟಿಗೂ ಹೆಚ್ಚು ಬಲವಾಗಿ ಅಂಟಿಕೊಳ್ಳುತ್ತದೆ. ಕ್ಯಾರೋಟಿಡ್ ಕಾಯಗಳು ನೋಡುವುದು ರಕ್ತದಲ್ಲಿ ಕರಗಿದ ಆಮ್ಲಜನಕದ ಒತ್ತಡವನ್ನು, ಹಿಮೋಗ್ಲೋಬಿನ್ ಹೊತ್ತ ಒಟ್ಟು ಪ್ರಮಾಣವನ್ನಲ್ಲ. ಒತ್ತಡ ಸರಿಯಾಗಿರುವುದರಿಂದ ಅವು ಸುಮ್ಮನಿರುತ್ತವೆ. ಮಲಗಿದವರು ನಿದ್ದೆಯಿಂದ ಪ್ರಜ್ಞಾಹೀನತೆಗೆ ಜಾರುತ್ತಾರೆ. ತಲೆನೋವು, ವಾಂತಿ ಇದರ ಮೊದಲ ಲಕ್ಷಣಗಳು. ಆ ಮನೆಯ ಮರಿಗಳನ್ನು ಕೊಂದದ್ದು ಬಹುತೇಕ ಇದೇ. ಅಂಥ ಕೋಣೆಯಲ್ಲಿ ಯಾರಿಗಾದರೂ ತಲೆ ಸಿಡಿಯುತ್ತಿದ್ದರೆ ಮೊದಲು ಅವರನ್ನು ಹೊರಗಿನ ಗಾಳಿಗೆ ತನ್ನಿ, ಆಮೇಲೆ ಆಸ್ಪತ್ರೆಗೆ ಕರೆದುಕೊಂಡು ಹೋಗಿ. ಬಾಮು ಹಚ್ಚಿ ಮತ್ತೆ ಅಲ್ಲೇ ಮಲಗಿಸಬೇಡಿ. ಇದ್ದಿಲು ಕೆಂಪಾಗಿ, ಹೊಗೆ ನಿಂತ ಮೇಲೆ ಅಪಾಯವಿಲ್ಲ ಎಂಬ ಮಾತು ನಮ್ಮ ಮನೆಗಳಲ್ಲಿ ಚಾಲ್ತಿಯಲ್ಲಿದೆ. ಅದು ಸುಳ್ಳು; ಹೊಗೆಯಿಲ್ಲದ ಕೆಂಡವೂ ಮಾನಾಕ್ಸೈಡ್ ಬಿಡುತ್ತದೆ.

ಮನುಷ್ಯರಿಗಿಂತ ಮೊದಲು ಮರಿಗಳು ಸತ್ತದ್ದೂ ಆಕಸ್ಮಿಕವಲ್ಲ. ಸಣ್ಣ ದೇಹದ ಪ್ರತಿ ಗ್ರಾಂ ಹೆಚ್ಚು ಗಾಳಿ ಬೇಡುತ್ತದೆ, ಹಕ್ಕಿಯ ಶ್ವಾಸಕೋಶ ಒಳಬಂದ ಅನಿಲವನ್ನು ದಕ್ಷವಾಗಿ ರಕ್ತಕ್ಕೆ ಸೇರಿಸುತ್ತದೆ, ಒಳ್ಳೆಯದನ್ನೂ ಕೆಟ್ಟದ್ದನ್ನೂ. ಇದೇ ಕಾರಣಕ್ಕೆ ಹಾಲ್ಡೇನ್ ಅವರು ಕಲ್ಲಿದ್ದಲು ಗಣಿಗಳಿಗೆ ಎಚ್ಚರಿಕೆಯ ಪ್ರಾಣಿಯಾಗಿ ಸಣ್ಣ ಜೀವಿಗಳನ್ನು ಒಯ್ಯಲು ಸಲಹೆ ಮಾಡಿದ್ದು. ಬ್ರಿಟನ್ನಿನ ಗಣಿಗಳಲ್ಲಿ ಕ್ಯಾನರಿ ಹಕ್ಕಿಗಳ ಈ ಸೇವೆ 1986ರವರೆಗೂ ನಡೆಯಿತು. ಆಮೇಲೆ ಎಲೆಕ್ಟ್ರಾನಿಕ್ ಉಪಕರಣಗಳು ಬಂದವು.

ಇನ್ನು ನಾನಿಯ ಹುಂಜದ ಮಾತು. ವಾರದ ನಾಟಿ ಮರಿಯನ್ನು ಮೇಲ್ನೋಟಕ್ಕೆ ಗಂಡೋ ಹೆಣ್ಣೋ ಎಂದು ಹೇಳುವುದು ಸುಲಭವಲ್ಲ. ಮರಿಯ ಗುದದ್ವಾರವನ್ನು ತೆರೆದು ನೋಡಿ ಗುರುತಿಸುವ ವಿದ್ಯೆಯನ್ನು 1920ರ ದಶಕದಲ್ಲಿ ಜಪಾನಿನ ವಿಜ್ಞಾನಿಗಳು ರೂಪಿಸಿದರು, ಅದಕ್ಕೆ ದೀರ್ಘ ತರಬೇತಿ ಬೇಕು. ಹ್ಯಾಚರಿಗಳ ಕೆಲವು ತಳಿಗಳಲ್ಲಿ ರೆಕ್ಕೆಗರಿಯ ಉದ್ದ ನೋಡಿ ಹೇಳಬಹುದು. ದ್ವಿತೀಯ ಪಿಯುಸಿಯವರು ಇದನ್ನು ಗಮನಿಸಿ. ಹಕ್ಕಿಗಳಲ್ಲಿ ಗಂಡಿಗೆ ಝಡ್ ಝಡ್, ಹೆಣ್ಣಿಗೆ ಝಡ್ ಡಬ್ಲ್ಯು ವರ್ಣತಂತುಗಳು. ನಮ್ಮ ಲೆಕ್ಕಕ್ಕೆ ತಿರುವುಮುರುವು. ಗರಿ ನಿಧಾನವಾಗಿ ಬರುವ ಪ್ರಬಲ ಜೀನು ಝಡ್ ಮೇಲಿದೆ. ಬೇಗ ಗರಿ ಬರುವ ಹುಂಜಕ್ಕೆ ನಿಧಾನ ಗರಿಯ ಹೇಟೆಯನ್ನು ಕೂಡಿಸಿದರೆ ಗಂಡು ಮರಿಗಳೆಲ್ಲ ತಾಯಿಯ ಝಡ್ ಪಡೆದು ನಿಧಾನ, ಹೆಣ್ಣು ಮರಿಗಳೆಲ್ಲ ತಂದೆಯ ಝಡ್ ಪಡೆದು ಬೇಗ. ಚೌಕ ಹಾಕಿ ನೋಡಿ, ಹೊಂದುತ್ತದೆ. ಆದರೆ ಮನೆಯ ನಾಟಿ ಕೋಳಿಗಳಲ್ಲಿ ಹೀಗೆ ಆರಿಸಿ ಕೂಡಿಸಿರುವುದಿಲ್ಲ. ಹಾಗಾಗಿ ನಾನಿಯ ಮಾತನ್ನು ಸಾಕ್ಷಿಯಾಗಿ ಹಿಡಿಯಲಾಗದು. ಪ್ರಶ್ನೆ ಮಾತ್ರ ಚೆನ್ನಾಗಿದೆ.

ಗಂಡು ಹೆಣ್ಣು ಮರಿಗಳ ಉಸಿರಾಟದಲ್ಲಿ ವ್ಯತ್ಯಾಸ ಬರಲು ದಾರಿಗಳಿವೆಯೇ? ಇವೆ. ಕಾವಿನ ಏಳನೇ ದಿನದ ಹೊತ್ತಿಗೇ ಹೆಣ್ಣು ಭ್ರೂಣದ ಅಂಡಾಶಯ ಈಸ್ಟ್ರೋಜನ್ ತಯಾರಿಸತೊಡಗುತ್ತದೆ. ಲೈಂಗಿಕ ಹಾರ್ಮೋನುಗಳು ಉಸಿರಿನ ಕೇಂದ್ರವನ್ನು ಮುಟ್ಟಬಲ್ಲವು ಎಂಬುದಕ್ಕೆ ಮನುಷ್ಯರಲ್ಲೇ ಉದಾಹರಣೆಯಿದೆ: ಗರ್ಭಿಣಿಯರಲ್ಲಿ ಪ್ರೊಜೆಸ್ಟರಾನ್ ಉಸಿರಾಟವನ್ನು ಹೆಚ್ಚಿಸಿ ರಕ್ತದ ಇಂಗಾಲದ ಡೈಆಕ್ಸೈಡ್ ಒತ್ತಡವನ್ನು 40ರಿಂದ ಸುಮಾರು 30ಕ್ಕೆ ಇಳಿಸುತ್ತದೆ. ಹೆಣ್ಣು ಮರಿಗಳು ಗಂಡಿಗಿಂತ ಕೆಲವು ಗಂಟೆ ಮೊದಲೇ ಮೊಟ್ಟೆಯೊಡೆದು ಬರುವ ಒಲವೂ ಕಂಡುಬಂದಿದೆ. ಬ್ರಾಯ್ಲರ್ ಫಾರಂಗಳಲ್ಲಿ 'ನೀರುಹೊಟ್ಟೆ' ರೋಗ ಗಂಡು ಮರಿಗಳಿಗೆ ಹೆಚ್ಚು. ಮಾಂಸ ವೇಗವಾಗಿ ಬೆಳೆಯುತ್ತದೆ, ಆಮ್ಲಜನಕದ ಬೇಡಿಕೆ ಏರುತ್ತದೆ, ಹಿಗ್ಗಲಾರದ ಶ್ವಾಸಕೋಶಕ್ಕೆ ರಕ್ತ ತಳ್ಳಿ ತಳ್ಳಿ ಹೃದಯದ ಬಲಭಾಗ ಸೋಲುತ್ತದೆ, ಹೊಟ್ಟೆಯಲ್ಲಿ ನೀರು ತುಂಬುತ್ತದೆ.

ಆದರೆ ಗಮನಿಸಿ: ಈ ಕೊನೆಯ ಉದಾಹರಣೆಯಲ್ಲಿ ಗಂಡಿನ ಗ್ರಾಹಕ ದುರ್ಬಲ ಎಂದು ಎಲ್ಲೂ ಬರಲಿಲ್ಲ. ಬೆಳವಣಿಗೆಯ ವೇಗವೇ ಸಾಕಾಯಿತು. ಲಿಂಗದ ವ್ಯತ್ಯಾಸ ಎಂದು ಕಂಡದ್ದು ತೂಕದ ವ್ಯತ್ಯಾಸವಾಗಿರಬಹುದು. ಇದನ್ನು ಒಂದು ಲೆಕ್ಕದಲ್ಲಿ ತೋರಿಸುತ್ತೇನೆ. ಅಂಕಿಗಳು ಲೆಕ್ಕಕ್ಕಾಗಿ ನಾನೇ ಹಿಡಿದವು, ಯಾವ ಪ್ರಯೋಗದವೂ ಅಲ್ಲ.

ಒಂದೇ ವಯಸ್ಸಿನ ಗಂಡು ಮರಿ 200 ಗ್ರಾಂ, ಹೆಣ್ಣು ಮರಿ 160 ಗ್ರಾಂ ಇರಲಿ. ಸಾದಾ ಗಾಳಿಯಲ್ಲಿ ಗಂಡು ನಿಮಿಷಕ್ಕೆ 120 ಮಿಲಿಲೀಟರ್ ಉಸಿರಾಡುತ್ತದೆ, ಹೆಣ್ಣು 104. ಶೇಕಡಾ 4 ಇಂಗಾಲದ ಡೈಆಕ್ಸೈಡ್ ಬೆರೆಸಿದಾಗ ಗಂಡು 180, ಹೆಣ್ಣು 156. ಈಗ ಯಾರ ಸ್ಪಂದನೆ ಹೆಚ್ಚು? ನೇರವಾಗಿ ಕಳೆದರೆ ಗಂಡಿನದು 60, ಹೆಣ್ಣಿನದು 52: ಗಂಡು ಗೆದ್ದಿತು. 100 ಗ್ರಾಂ ತೂಕಕ್ಕೆ ಲೆಕ್ಕ ಹಾಕಿದರೆ ಗಂಡು 60ರಿಂದ 90ಕ್ಕೆ, ಅಂದರೆ 30. ಹೆಣ್ಣು 65ರಿಂದ 97.5ಕ್ಕೆ, ಅಂದರೆ 32.5: ಹೆಣ್ಣು ಗೆದ್ದಿತು. ಶೇಕಡಾವಾರು ನೋಡಿದರೆ ಇಬ್ಬರದೂ 50: ಸಮಸಮ. ಅಳತೆ ಒಂದೇ, ತೀರ್ಪು ಮೂರು.

ಯಾವುದು ಸರಿ? ಉಸಿರಾಟದ ಕೆಲಸ ದೇಹ ತಯಾರಿಸಿದ ಇಂಗಾಲದ ಡೈಆಕ್ಸೈಡನ್ನು ಹೊರಹಾಕುವುದು. ಹಾಗಾದರೆ ಮರಿ ನಿಮಿಷಕ್ಕೆ ಎಷ್ಟು ಇಂಗಾಲದ ಡೈಆಕ್ಸೈಡ್ ತಯಾರಿಸುತ್ತಿದೆ ಎಂಬುದರ ಜೊತೆ ಉಸಿರನ್ನು ಹೋಲಿಸುವುದೇ ನ್ಯಾಯ ಎಂಬುದು ನನ್ನ ಅಭಿಪ್ರಾಯ. ತೂಕವನ್ನು ಕೇವಲ ಭಾಗಿಸಿಬಿಟ್ಟರೆ ಸಾಲದು. ಸಣ್ಣ ದೇಹ ಪ್ರತಿ ಗ್ರಾಂಗೆ ಹೆಚ್ಚು ಸುಡುತ್ತದೆ ಎಂದು ಮೇಲೆಯೇ ನೋಡಿದೆವು. ಪತ್ರಿಕೆಯಲ್ಲಿ 'ಹೆಣ್ಣಿನಲ್ಲಿ ಹೆಚ್ಚು, ಗಂಡಿನಲ್ಲಿ ಕಡಿಮೆ' ಎಂಬ ಸುದ್ದಿ ಓದಿದಾಗ, ಅದು ಕೋಳಿಯದಾಗಲಿ ಮನುಷ್ಯರದಾಗಲಿ, ಯಾವುದರಿಂದ ಭಾಗಿಸಿದ್ದಾರೆ ಎಂದು ಮೊದಲು ಹುಡುಕಿ.

ಅಳೆಯುವ ವಿಧಾನದಲ್ಲೂ ಒಂದು ಸ್ವಾರಸ್ಯವಿದೆ. ಮರಿಯನ್ನು ಗಾಳಿಯಾಡದ ಪೆಟ್ಟಿಗೆಯಲ್ಲಿ ಸ್ವಲ್ಪ ಹೊತ್ತು ಕೂರಿಸುತ್ತಾರೆ. ಒಳಗೆಳೆದ ಗಾಳಿ ದೇಹದಲ್ಲಿ ಬಿಸಿಯಾಗಿ, ತೇವವಾಗಿ ಹಿಗ್ಗುತ್ತದೆ. ಪೆಟ್ಟಿಗೆಯ ಒತ್ತಡ ಕೂದಲೆಳೆಯಷ್ಟು ಏರುತ್ತದೆ. ಆ ಏರಿಳಿತದಿಂದ ಪ್ರತಿ ಉಸಿರಿನ ಗಾತ್ರ ಲೆಕ್ಕ ಹಾಕುತ್ತಾರೆ. ಕೊಳವೆ, ಮುಖವಾಡ ಏನೂ ಬೇಡ. ತೊಂದರೆ ಏನೆಂದರೆ, ಎಳೆ ಮರಿಗೆ ಬೇಕಾದ ಬೆಚ್ಚಗಿನ ಪೆಟ್ಟಿಗೆ ಮತ್ತು ಮರಿಯ ದೇಹದ 40 ಡಿಗ್ರಿ ಹತ್ತಿರ ಹತ್ತಿರವಾದಷ್ಟೂ ಆ ಸಂಕೇತ ಸಣ್ಣದಾಗುತ್ತದೆ.

ಜಾತಿಯಿಂದ ಜಾತಿಗೂ ವ್ಯತ್ಯಾಸವಿದೆ. ನಮ್ಮ ಹೊಳೆದಂಡೆಯ ಮಣ್ಣಿನಲ್ಲಿ ಬಿಲ ತೋಡಿ ಮರಿಮಾಡುವ ಮಿಂಚುಳ್ಳಿ, ಕಳ್ಳಿಪೀರಗಳನ್ನು ನೀವು ನೋಡಿರಬಹುದು. ಅಂಥ ಬಿಲಗಳಲ್ಲಿ ಮರಿಗಳು ತುಂಬಿದಾಗ ಇಂಗಾಲದ ಡೈಆಕ್ಸೈಡ್ ಹೊರಗಿಗಿಂತ ಬಹಳ ಹೆಚ್ಚಿರುತ್ತದೆ. ಅಮೆರಿಕದ ಬಿಲಗೂಬೆಯನ್ನು ನೆಲದ ಮೇಲೆ ಗೂಡು ಕಟ್ಟುವ ಬಾಬ್‌ವೈಟ್ ಎಂಬ ಹಕ್ಕಿಯ ಜೊತೆ ಹೋಲಿಸಿದಾಗ ಗೂಬೆಯ ಸ್ಪಂದನೆ ಮಂದವಾಗಿತ್ತು. ಸದಾ ಕೂಗುವ ಎಚ್ಚರಿಕೆಯ ಗಂಟೆ ಬಿಲದಲ್ಲಿ ಬಾಳುವವರಿಗೆ ಉಪಯೋಗಕ್ಕೆ ಬಾರದು.

ಕೋಳಿ ಸಾಕಣೆಯ ಕೈಪಿಡಿಗಳು ಮರಿಗಳ ಶೆಡ್ಡಿನಲ್ಲಿ ಇಂಗಾಲದ ಡೈಆಕ್ಸೈಡ್ 3,000 ಪಿಪಿಎಂ, ಅಂದರೆ ಶೇಕಡಾ 0.3 ಮೀರಬಾರದು ಎನ್ನುತ್ತವೆ. ಮೊಟ್ಟೆಯೊಳಗೆ ಶೇಕಡಾ 5 ತಾಳಿದ ಮರಿಗೆ ಇದು ಅತಿಯಾಯಿತಲ್ಲ ಎಂದು ಜಾಣರು ಕೇಳಬಹುದು. ಆ ಸಂಖ್ಯೆ ಶೆಡ್ಡಿನಲ್ಲಿ ಗಾಳಿ ಎಷ್ಟು ಬದಲಾಗುತ್ತಿದೆ ಎಂಬುದರ ಅಳತೆಯೂ ಹೌದು. ಗಾಳಿ ನಿಂತಲ್ಲಿ ಹೊಟ್ಟಿನ ಹಾಸಿನ ಅಮೋನಿಯಾ, ತೇವ, ಕೆಂಡವಿದ್ದರೆ ಮಾನಾಕ್ಸೈಡ್ ಎಲ್ಲವೂ ಜೊತೆಗೇ ಏರುತ್ತವೆ. ಮಳೆಗಾಲದಲ್ಲಿ ಟಾರ್ಪಾಲನ್ನು ಕೆಳಗಿನಿಂದ ಮೇಲಿನವರೆಗೆ ಬಿಗಿಯುವ ಬದಲು ಮೇಲ್ಭಾಗದಲ್ಲಿ ಒಂದು ಗೇಣು ತೆರೆದಿಡಿ. ಮರಿಗಳಿಗೆ ನೇರ ಗಾಳಿ ಬಡಿಯದೆ ಕೆಟ್ಟ ಗಾಳಿ ಹೋಗುತ್ತದೆ.

ಮನೆಯಲ್ಲಿ ಮರಿಗಳಿರುವವರು ಒಂದು ಕೆಲಸ ಮಾಡಬಹುದು. ಯಾವ ಅನಿಲವನ್ನೂ ಕೊಡಬೇಡಿ, ಮುಚ್ಚಿದ ಡಬ್ಬಿಯಲ್ಲಿ ಇಡಬೇಡಿ. ಅದು ಹಿಂಸೆ, ಅದರಿಂದ ಏನೂ ತಿಳಿಯುವುದಿಲ್ಲ. ಮರಿಗಳ ಕಾಲಿಗೆ ಬೇರೆ ಬೇರೆ ಬಣ್ಣದ ನೂಲನ್ನು ಸಡಿಲವಾಗಿ ಕಟ್ಟಿ, ವಾರಕ್ಕೊಮ್ಮೆ ಬಿಚ್ಚಿ ಸಡಿಲಿಸಿ ಕಟ್ಟಿ. ಮರಿ ತಿಂದು ಮಲಗಿ ಸುಮ್ಮನಾದಾಗ ಹೊಟ್ಟೆಯ ಕೆಳಭಾಗದ ಏರಿಳಿತ ನೋಡುತ್ತ 30 ಸೆಕೆಂಡು ಎಣಿಸಿ ಎರಡರಿಂದ ಗುಣಿಸಿ. ದಿನಾಂಕ, ವಯಸ್ಸು, ತೂಕ, ಆ ಜಾಗದ ಉಷ್ಣಾಂಶ ಬರೆದಿಡಿ. ತೂಕಕ್ಕೆ ಅಡುಗೆಮನೆಯ ತಕ್ಕಡಿ ಸಾಕು. ಗಂಡೋ ಹೆಣ್ಣೋ ಎಂಬ ಅಂಕಣವನ್ನು ಖಾಲಿ ಬಿಡಿ. ಎಣಿಸುವವರಿಗೆ ಮೊದಲೇ ಗೊತ್ತಿಲ್ಲದಿರುವುದು ಇಲ್ಲಿ ಲಾಭವೇ, ಮನಸ್ಸು ಒಂದು ಕಡೆ ವಾಲುವುದಿಲ್ಲ. ಎರಡು ಮೂರು ತಿಂಗಳಲ್ಲಿ ಜುಟ್ಟು ಕೆಂಪೇರಿ, ಬೆನ್ನ ಮೇಲೆ ಚೂಪು ಗರಿ ಬಂದಾಗ ಹುಂಜ ಯಾವುದೆಂದು ತಾನೇ ತಿಳಿಯುತ್ತದೆ. ಆಗ ಆ ಅಂಕಣ ತುಂಬಿಸಿ, ಪುಸ್ತಕವನ್ನು ಜೀವಶಾಸ್ತ್ರ ಪ್ರಯೋಗಾಲಯಕ್ಕೆ ತನ್ನಿ. ಸರಾಸರಿ ತೆಗೆಯುವುದನ್ನು ಅಲ್ಲೇ ಒಟ್ಟಿಗೆ ಮಾಡೋಣ.